ಹೊಂಗೆ ಮರದ ಕೆಳಗೆ ಕುಳಿತ ಮಕ್ಕಳು

ಕಳೆದ ವರ್ಷ ಮಳೆಗಾಲದ ನಡುವೆ ಬಿಸಿಲು ಬಿದ್ದ ಒಂದು ಮುಂಜಾನೆ, ಬೇರಾವುದೋ ಕೆಲಸದ ನಿಮಿತ್ತ ಒಂದು ಶಾಲೆಗೆ ಹೋಗಿದ್ದೆ. ಮುಖ್ಯೋಪಾಧ್ಯಾಯಿನಿಯವರು ತರಗತಿಯಲ್ಲಿದ್ದುದರಿಂದ ಜಗಲಿಯ ಬೆಂಚಿನ ಮೇಲೆ ಕುಳಿತು ಮೈದಾನವನ್ನು ನೋಡುತ್ತಿದ್ದೆ. ಐದನೆಯ ತರಗತಿಯ ೪೮ ಮಕ್ಕಳು ದೈಹಿಕ ಶಿಕ್ಷಣದ ಅವಧಿಗೆಂದು ಸಾಲಾಗಿ ಬಂದು ನಿಂತರು. ಶಿಕ್ಷಕರು ಸುಣ್ಣದ ಪುಡಿಯಿಂದ ಉದ್ದನೆಯ ಗೆರೆಯೊಂದನ್ನು ಎಳೆದು, ಮೊದಲು ಮೈ ಬಿಸಿಯಾಗಲಿ ಎಂದು ‘ಕೆರೆ–ದಡ’ ಆಟವನ್ನು ಆರಂಭಿಸಿದರು. ಈ ಆಟವನ್ನು ಅರಿಯದವರು ನಮ್ಮಲ್ಲಿ ಯಾರೂ ಇರಲಾರರು. ಗೆರೆಯ ಈಚೆ ದಡ, ಆಚೆ ಕೆರೆ. ‘ಕೆರೆ’ ಎಂದು ಕೂಗಿದರೆ ಆಚೆ ಜಿಗಿಯಬೇಕು, ‘ದಡ’ ಎಂದರೆ ಈಚೆ. ತಪ್ಪಿದವರು ಔಟ್.

ಮೊದಲನೆಯ ಕೂಗಿಗೇ ತಪ್ಪಿದವನು ಸ್ವಲ್ಪ ಮೈ ತುಂಬಿಕೊಂಡಿದ್ದ ಒಬ್ಬ ಹುಡುಗ. ಅವನು ತಕರಾರು ಮಾಡಲಿಲ್ಲ, ಮುಖ ಬಾಡಿಸಲಿಲ್ಲ. ಶಿಕ್ಷಕರು ಕೈ ತೋರುವ ಮೊದಲೇ ಮೈದಾನದ ಅಂಚಿನ ಹೊಂಗೆ ಮರದ ಕಡೆಗೆ ನಡೆದು, ಅದರ ಬೇರಿನ ಮೇಲೆ ತನ್ನದೇ ಜಾಗವೆಂಬಂತೆ ಕುಳಿತುಕೊಂಡನು. ಆ ರೂಢಿಯೇ ನನ್ನ ಮನಸ್ಸನ್ನು ಚುಚ್ಚಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮರದ ಕೆಳಗೆ ೪೧ ಮಕ್ಕಳು ಸೇರಿದ್ದರು. ಬಿಸಿಲಿನಲ್ಲಿ ಜಿಗಿಯುತ್ತಿದ್ದವರು ಏಳೇ ಮಂದಿ. ನೋಡಿದರೆ ಸಾಕು, ಶಾಲಾ ತಂಡದ ಚುರುಕಾದ ಮಕ್ಕಳೆಂದು ತಿಳಿಯುತ್ತಿತ್ತು. ಅನಂತರ ಇಬ್ಬರು ನಾಯಕರನ್ನು ನಿಲ್ಲಿಸಿ, ಒಬ್ಬೊಬ್ಬರನ್ನಾಗಿ ಆರಿಸಿ ತಂಡ ಕಟ್ಟಿಕೊಳ್ಳಲು ಹೇಳಲಾಯಿತು. ಆ ಹುಡುಗನನ್ನು ಯಾರೂ ಆರಿಸಲಿಲ್ಲ; ಕೊನೆಯಲ್ಲಿ ಉಳಿದವನಾದುದರಿಂದ ಒಂದು ತಂಡಕ್ಕೆ ಅವನು ‘ಎಕ್ಸ್‌ಟ್ರಾ’ ಆದನು.

ನಲವತ್ತು ನಿಮಿಷಗಳ ಆ ಅವಧಿಯಲ್ಲಿ ಅವನು ಓಡಿದ್ದು, ಜಿಗಿದದ್ದು ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಾರದು. ಹಾಜರಿ ಪುಸ್ತಕದಲ್ಲಿ ಮಾತ್ರ ಅವನು ದೈಹಿಕ ಶಿಕ್ಷಣ ಪಡೆದ ವಿದ್ಯಾರ್ಥಿ.

ಆ ಶಿಕ್ಷಕರನ್ನು ನಾನು ದೂರುವುದಿಲ್ಲ. ಅವರಿಗೆ ಬಾಲ್ಯದಲ್ಲಿ ಆಡಿಸಿದ್ದನ್ನೇ ಅವರೂ ಆಡಿಸುತ್ತಿದ್ದಾರೆ. ನಮ್ಮ ಧರ್ಮಕೇಂದ್ರಗಳ ಹಬ್ಬದ ದಿನಗಳಲ್ಲಿ ನಾವೇ ಮಾಡುವುದಾದರೂ ಏನು? ಕುರ್ಚಿ ಆಟ! ಹತ್ತು ಕುರ್ಚಿಗಳ ಸುತ್ತ ಹನ್ನೊಂದು ಮಂದಿ, ಧ್ವನಿವರ್ಧಕದಲ್ಲಿ ಹಾಡು, ಕೊನೆಗೊಬ್ಬರಿಗೆ ಸ್ಟೀಲ್ ಡಬ್ಬಿ, ಉಳಿದವರಿಗೆ ಚಪ್ಪಾಳೆ ತಟ್ಟುವ ಕೆಲಸ. ವರ್ಷಕ್ಕೊಮ್ಮೆ ಹಿರಿಯರು ನಗುವುದಕ್ಕೆ ಅದು ನಡೆದೀತು. ಆದರೆ ಬೆಳೆಯುವ ಮಕ್ಕಳಿಗೆ ವಾರಕ್ಕೆ ಸಿಗುವ ಒಂದೆರಡು ಅವಧಿಗಳನ್ನು ಇದೇ ನಿಯಮದಿಂದ ನಡೆಸುವುದು ತಪ್ಪು. ಒಬ್ಬೊಬ್ಬರನ್ನಾಗಿ ಹೊರಗಟ್ಟುವ ಆಟವು ಮೈ ಬಿಸಿ ಮಾಡುವ ಆಟವಾಗಲಾರದು. ಅದನ್ನು ನಮ್ಮ ಶಾಲೆಗಳ ಮೈದಾನದಿಂದಲೇ ಹೊರಗಿಡಬೇಕೆಂದು ಈ ಲೇಖನದಲ್ಲಿ ವಾದಿಸಲು ಹೊರಟಿದ್ದೇನೆ.

ಶಿಕ್ಷಕರು ‘ವಾರ್ಮ್‌ಅಪ್’ ಎನ್ನುವ ಈ ಹತ್ತು ನಿಮಿಷಗಳ ಉದ್ದೇಶವೇನೆಂದು ಒಮ್ಮೆ ಯೋಚಿಸೋಣ. ಒಂದು ಗಂಟೆ ಕಾಲ ಬೆಂಚಿನ ಮೇಲೆ ಕುಳಿತ ಮಗುವಿನ ಸ್ನಾಯುಗಳು ತಣ್ಣಗಿರುತ್ತವೆ. ನಿಧಾನವಾಗಿ ಓಡಲು ಆರಂಭಿಸಿದಾಗ ಹೃದಯದ ಬಡಿತ ಏರುತ್ತದೆ, ರಕ್ತ ಕಾಲು–ತೊಡೆಗಳ ಕಡೆಗೆ ಹರಿಯುತ್ತದೆ, ಸ್ನಾಯುಗಳ ಉಷ್ಣತೆ ಹೆಚ್ಚುತ್ತದೆ, ಕೀಲುಗಳು ಸಡಿಲಗೊಳ್ಳುತ್ತವೆ. ನಾವು ಚಿಕ್ಕವರಿದ್ದಾಗ ಸಾಲಿನಲ್ಲಿ ನಿಂತು, ಬಾಗಿ ಕಾಲ್ಬೆರಳು ಮುಟ್ಟಿ, ಹಾಗೆಯೇ ಬಹಳ ಹೊತ್ತು ಇರಬೇಕಿತ್ತು. ತಣ್ಣಗಿರುವ ಸ್ನಾಯುವನ್ನು ಹಾಗೆ ಎಳೆದು ಹಿಡಿಯುವುದರಿಂದ ಹೆಚ್ಚಿನ ಲಾಭವಿಲ್ಲವೆಂದೂ, ಬಹಳ ಹೊತ್ತು ಹಿಡಿದರೆ ಆ ಕ್ಷಣದ ಬಲವೇ ತುಸು ಕುಗ್ಗುವುದೆಂದೂ ಕ್ರೀಡಾವೈದ್ಯರು ಈಗ ಹೇಳುತ್ತಾರೆ. ಚಲಿಸುತ್ತಲೇ ಮೈ ಬಿಸಿಯಾಗಬೇಕು. ಚಲನೆ ನಿಂತರೆ ಆ ಬಿಸಿಯೂ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಹಾಗಿರುವಾಗ ಮೊದಲ ನಿಮಿಷದಲ್ಲಿ ಮರದ ಕೆಳಗೆ ಹೋದ ಮಗು ಹತ್ತು ನಿಮಿಷಗಳ ಬಳಿಕ ಚೆಂಡಿನ ಹಿಂದೆ ಓಡಬೇಕಾದಾಗ, ಅದು ತಣ್ಣನೆಯ ಮೈಯಿಂದಲೇ ಓಡುತ್ತದೆ.

ಇದು ಬರಿಯ ತರ್ಕವೆನ್ನಬೇಡಿ. ನಾರ್ವೆ ದೇಶದಲ್ಲಿ ೧೩ರಿಂದ ೧೭ ವರ್ಷದ ೧,೮೯೨ ಕಾಲ್ಚೆಂಡು ಆಟಗಾರ್ತಿಯರನ್ನು ಒಳಗೊಂಡ ಒಂದು ಅಧ್ಯಯನವು ೨೦೦೮ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಓಟ, ಜಿಗಿತ, ಸಮತೋಲನಗಳನ್ನು ಸೇರಿಸಿದ ಕ್ರಮಬದ್ಧ ಪೂರ್ವವ್ಯಾಯಾಮವನ್ನು ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರರಲ್ಲಿ ಒಂದು ಭಾಗ ಕಡಿಮೆಯಾಗಿದ್ದವು. ಆದರೆ ಅಲ್ಲಿ ಯಾರನ್ನೂ ಔಟ್ ಮಾಡಿ ಕೂರಿಸಿರಲಿಲ್ಲ ಎಂಬುದನ್ನು ಗಮನಿಸಬೇಕು.

‘ನಮ್ಮಲ್ಲಿ ಔಟ್ ಮಾಡುವ ಆಟವಿಲ್ಲ, ರಿಲೇ ಓಟ ಓಡಿಸುತ್ತೇವೆ’ ಎನ್ನುವ ಶಾಲೆಗಳಿವೆ. ಅದರ ಲೆಕ್ಕವನ್ನೂ ನೋಡೋಣ. ೪೮ ಮಕ್ಕಳನ್ನು ನಾಲ್ಕು ಸಾಲು ಮಾಡಿದರೆ ಸಾಲಿಗೆ ೧೨ ಮಂದಿ. ಒಬ್ಬರು ಹೋಗಿ ಬರಲು ೧೫ ಸೆಕೆಂಡು ಬೇಕೆನ್ನಿ. ಒಂದು ಸುತ್ತು ಮುಗಿಯಲು ಮೂರು ನಿಮಿಷ. ಆ ಮೂರು ನಿಮಿಷಗಳಲ್ಲಿ ಒಂದು ಮಗು ಓಡುವುದು ೧೫ ಸೆಕೆಂಡು. ಉಳಿದ ಎರಡು ಮುಕ್ಕಾಲು ನಿಮಿಷ ಮುಂದಿನವನ ಬೆನ್ನು ನೋಡುತ್ತ ನಿಲ್ಲುವುದು. ಅದೇ ಮಕ್ಕಳನ್ನು ನಾಲ್ಕು ನಾಲ್ಕರಂತೆ ೧೨ ಸಾಲು ಮಾಡಿದರೆ ಒಬ್ಬೊಬ್ಬರಿಗೆ ಮೂರು ನಿಮಿಷಗಳಲ್ಲಿ ಮೂರು ಸರದಿ ಸಿಗುತ್ತದೆ. ಮೈದಾನ ಅದೇ, ಮಕ್ಕಳು ಅವರೇ, ಖರ್ಚು ಒಂದು ಕಾಸೂ ಇಲ್ಲ. ಗಣಿತದ ಅಂಕಕ್ಕಾಗಿ ಇಷ್ಟೊಂದು ಹೋರಾಡುವ ನಮ್ಮ ಶಾಲೆಗಳಲ್ಲಿ ಈ ಭಾಗಾಕಾರವನ್ನು ಯಾರೂ ಮಾಡದಿರುವುದು ಸೋಜಿಗ.

ಅಮೆರಿಕಾದ ದೈಹಿಕ ಶಿಕ್ಷಣ ಪ್ರಾಧ್ಯಾಪಕ ನೀಲ್ ವಿಲಿಯಮ್ಸ್ ಎಂಬವರು ೧೯೯೨ರಲ್ಲಿ ತಮ್ಮ ವೃತ್ತಿಯ ಪತ್ರಿಕೆಯೊಂದರಲ್ಲಿ, ಶಾಲೆಗಳಲ್ಲಿ ಆಡಿಸಲು ನಾಚಿಕೆಪಡಬೇಕಾದ ಆಟಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಕುರ್ಚಿ ಆಟ, ಚೆಂಡಿನಿಂದ ಹೊಡೆದು ಹೊರಗಟ್ಟುವ ಡಾಡ್ಜ್‌ಬಾಲ್ ಅದರಲ್ಲಿದ್ದವು. ನಮ್ಮ ಕೆರೆ–ದಡಕ್ಕೆ ಹತ್ತಿರದ ನೆಂಟನಾದ ‘ಸೈಮನ್ ಸೇಸ್’ ಆಟವೂ ಮುಂದೆ ಆ ಪಟ್ಟಿಗೆ ಸೇರಿತು. ಮಗುವನ್ನು ಎಲ್ಲರೆದುರು ನಾಚಿಸುವುದು, ಆಟದಿಂದ ಹೊರಗಟ್ಟುವುದು, ಆಡುವುದಕ್ಕಿಂತ ಕಾಯುವ ಹೊತ್ತೇ ಹೆಚ್ಚಾಗುವುದು ಇವು ಅವರ ಆಕ್ಷೇಪಗಳಾಗಿದ್ದವು. ಸಾಮಾನ್ಯ ಮುಟ್ಟಾಟವನ್ನೂ ಅವರು ಬಿಟ್ಟಿಲ್ಲ. ಅಷ್ಟು ದೂರ ಅವರೊಡನೆ ನಾನು ಹೋಗಲಾರೆ. ಮುಟ್ಟಾಟವಿಲ್ಲದ ಬಾಲ್ಯವನ್ನು ಕಲ್ಪಿಸಿಕೊಳ್ಳುವುದೂ ನನಗೆ ಕಷ್ಟ.

ಆದರೆ ಈ ಮಾತನ್ನು ಅಮೆರಿಕಾದವರಿಂದ ಕಲಿಯಬೇಕಾದ ಗತಿಯೂ ನಮಗಿಲ್ಲ. ನಮ್ಮ ಕಬಡ್ಡಿಯನ್ನೇ ನೋಡಿ. ಅದರ ಸಾಂಪ್ರದಾಯಿಕ ಬಗೆಗಳಲ್ಲಿ ಮೂರು ಹೆಸರಾದವು. ‘ಗಾಮಿನಿ’ಯಲ್ಲಿ ಔಟಾದವನು ತನ್ನ ತಂಡದ ಎಲ್ಲರೂ ಔಟಾಗುವ ತನಕ ಹೊರಗೇ ಇರಬೇಕು. ‘ಸಂಜೀವನಿ’ಯಲ್ಲಿ ಎದುರಾಳಿಯೊಬ್ಬನು ಔಟಾದರೆ ನಮ್ಮವನೊಬ್ಬನಿಗೆ ಜೀವ ಬರುತ್ತದೆ. ‘ಅಮರ’ದಲ್ಲಂತೂ ಮುಟ್ಟಿಸಿಕೊಂಡವನು ಅಂಗಳ ಬಿಡುವುದೇ ಇಲ್ಲ, ಎದುರಾಳಿಗೆ ಅಂಕ ಬರೆದುಕೊಂಡು ಆಟ ಮುಂದುವರಿಯುತ್ತದೆ. ಈ ಮೂರರಲ್ಲಿ ಇಂದು ದೇಶವಿದೇಶಗಳಲ್ಲಿ ನಡೆಯುವ ಸ್ಪರ್ಧೆಗಳಿಗೆ ಆಧಾರವಾದುದು ಜೀವ ಕೊಡುವ ಸಂಜೀವನಿ ಬಗೆ. ‘ಜೀವ ಬಂತು’ ಎಂದು ಕೂಗುತ್ತ ಹುಡುಗನೊಬ್ಬನು ಅಂಗಳಕ್ಕೆ ಮರಳಿ ಓಡುವುದನ್ನು ನೋಡಿದವರಿಗೆ, ಆಟದ ಸೊಬಗು ಎಲ್ಲಿದೆಯೆಂದು ವಿವರಿಸಬೇಕಾಗಿಲ್ಲ. ಇಂಥ ಆಟವನ್ನು ಕಟ್ಟಿದ ಜನರ ಮಕ್ಕಳು ವಾರ್ಮ್‌ಅಪ್ ಹೆಸರಿನಲ್ಲಿ ಗಾಮಿನಿಗಿಂತಲೂ ಕಠೋರವಾದುದನ್ನು ಏಕೆ ಆಡಬೇಕು?

ಹಾಗಾದರೆ ಆಡಿಸುವುದೇನು ಎಂದು ಕೇಳುವಿರಿ. ಸರಪಳಿ ಆಟವಿದೆ. ಇಬ್ಬರು ಕೈ ಕೈ ಹಿಡಿದು ಬೆನ್ನಟ್ಟುತ್ತಾರೆ. ಸಿಕ್ಕಿದವರು ಸರಪಳಿಗೆ ಸೇರುತ್ತಾರೆ. ನಾಲ್ವರಾದೊಡನೆ ಸರಪಳಿ ಎರಡಾಗಿ ಒಡೆಯಬೇಕು. ಇಲ್ಲವಾದರೆ ಉದ್ದವಾಗಿ ಬೆಳೆದು ತುದಿಯವರು ಬೀಳುತ್ತಾರೆ. ಇಲ್ಲಿ ಸಿಕ್ಕಿಬಿದ್ದವನಿಗೆ ಶಿಕ್ಷೆಯಿಲ್ಲ, ಹೊಸ ಕೆಲಸವಿದೆ. ಮಕ್ಕಳು ‘ಲಾಕ್ ಅಂಡ್ ಕೀ’ ಎನ್ನುವ ಆಟವೂ ಒಳ್ಳೆಯದೇ. ಮುಟ್ಟಿಸಿಕೊಂಡವನು ಕಲ್ಲಿನಂತೆ ನಿಲ್ಲುತ್ತಾನೆ. ಜೊತೆಗಾರನು ಬಂದು ಮುಟ್ಟಿದರೆ ಬಿಡುಗಡೆ. ೪೮ ಮಕ್ಕಳಿಗೆ ಆರು ಮಂದಿ ಬೆನ್ನಟ್ಟುವವರು ಸಾಕು. ಎರಡೆರಡು ನಿಮಿಷಕ್ಕೆ ಅವರನ್ನು ಬದಲಿಸಬೇಕು. ನಿಧಾನವಾಗಿ ಓಡುವ ಹುಡುಗಿಯೂ ಇಲ್ಲಿ ನಾಲ್ವರನ್ನು ಬಿಡಿಸಿ ತನ್ನ ತಂಡಕ್ಕೆ ಬೇಕಾದವಳಾಗುತ್ತಾಳೆ.

ನನಗೆ ಎಲ್ಲಕ್ಕಿಂತ ಪ್ರಿಯವಾದುದು ಬಾಲದ ಆಟ. ಪ್ರತಿಯೊಬ್ಬರೂ ಒಂದು ಗೇಣು ಬಟ್ಟೆಯ ಚೂರನ್ನು ಹಿಂಬದಿಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು, ಒಂದು ತಂಡಕ್ಕೆ ಒಂದು ಬಣ್ಣ. ಸೀಟಿ ಊದಿದೊಡನೆ ಎದುರು ತಂಡದವರ ಬಾಲಗಳನ್ನು ಕೀಳಬೇಕು. ತಮ್ಮ ಬಾಲವನ್ನು ಕಾಯಬೇಕು, ಆದರೆ ಕೈಯಿಂದ ಹಿಡಿದುಕೊಳ್ಳುವಂತಿಲ್ಲ. ಬಾಲ ಕಳೆದುಕೊಂಡವರು ಶಿಕ್ಷಕರ ಬುಟ್ಟಿಯಿಂದ ಇನ್ನೊಂದನ್ನು ತಂದು ಮತ್ತೆ ಸೇರಿಕೊಳ್ಳುತ್ತಾರೆ. ಎರಡು ನಿಮಿಷದ ಬಳಿಕ ಯಾವ ತಂಡದ ಕೈಯಲ್ಲಿ ಎಷ್ಟು ಬಾಲಗಳಿವೆಯೆಂದು ಎಣಿಕೆ. ಓಟ, ತಿರುಗುವಿಕೆ, ಬಾಗುವಿಕೆ, ಕುತಂತ್ರ, ನಗು ಎಲ್ಲವೂ ಇದರಲ್ಲಿವೆ. ಕೆರೆ–ದಡವನ್ನೇ ಆಡಿಸಬೇಕೆಂಬ ಹಟವಿದ್ದರೆ ಮೈದಾನದ ಎರಡು ಕಡೆ ಎರಡು ಗೆರೆಗಳನ್ನು ಎಳೆಯಿರಿ. ಒಂದು ಕೆರೆಯಲ್ಲಿ ತಪ್ಪಿದವನು ಕಂಬವನ್ನು ಸುತ್ತಿ ಓಡಿ ಇನ್ನೊಂದು ಕೆರೆಗೆ ಸೇರಲಿ. ಹೆಚ್ಚು ತಪ್ಪಿದವನು ಹೆಚ್ಚು ಓಡುತ್ತಾನೆ. ಅವನಿಗೆ ಬೇಕಾದುದೂ ಅದೇ ಅಲ್ಲವೇ?

ಇಲ್ಲಿ ಎದುರು ವಾದವೊಂದು ಬರುತ್ತದೆ, ಅದೂ ಸಾಮಾನ್ಯವಾಗಿ ವಿದ್ಯಾವಂತ ಪೋಷಕರಿಂದಲೇ. ‘ಫಾದರ್, ಜೀವನವೇ ಸ್ಪರ್ಧೆ. ಸೋಲುವುದನ್ನು ಮಕ್ಕಳು ಕಲಿಯಬೇಡವೇ? ಎಲ್ಲರನ್ನೂ ಗೆಲ್ಲಿಸಿದರೆ ಮುಂದೆ ಹೇಗೆ ಬದುಕುತ್ತಾರೆ?’ ಈ ಮಾತಿನಲ್ಲಿ ಸತ್ಯವಿದೆ. ನಾನು ಸ್ಪರ್ಧೆಯ ವಿರೋಧಿಯಲ್ಲ. ಬಾಲದ ಆಟದಲ್ಲಿಯೂ ಒಂದು ತಂಡ ಸೋಲುತ್ತದೆ. ಆದರೆ ಮರದ ಕೆಳಗೆ ಕುಳಿತ ಮಗು ಸೋಲುವುದನ್ನು ಕಲಿಯುತ್ತಿಲ್ಲ. ಆಟ ತನಗಲ್ಲ ಎಂಬುದನ್ನು ಕಲಿಯುತ್ತಿದೆ. ಸೋಲುವುದನ್ನು ಕಲಿಯಬೇಕಾದರೆ ಸೋತ ಮೇಲೂ ಆಡುತ್ತಿರಬೇಕು. ಗುರುಮಠದಲ್ಲಿ ನಾವಿದ್ದ ವರ್ಷಗಳಲ್ಲಿ ಸಂಜೆಯ ಆಟ ಎಲ್ಲರಿಗೂ ಕಡ್ಡಾಯವಾಗಿತ್ತು. ಚೆಂಡನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ ನನ್ನಂಥವನೂ ಆರೇಳು ವರ್ಷ ವಾಲಿಬಾಲ್ ಅಂಗಣದ ಮೂಲೆಯಲ್ಲಿ ನಿಂತು ದಿನವೂ ಸೋತಿದ್ದೇನೆ. ನಾನು ಆಟಗಾರನಾಗಲಿಲ್ಲ, ನಿಜ. ಆದರೆ ಐವತ್ತು ದಾಟಿದ ಮೇಲೂ ಮಕ್ಕಳೊಡನೆ ಮೈದಾನಕ್ಕಿಳಿಯಲು ನನಗೆ ಹೆದರಿಕೆಯಿಲ್ಲ. ಅಲ್ಲಿ ನನ್ನನ್ನು ಯಾರೂ ಔಟ್ ಎಂದು ಕೂರಿಸಿರಲಿಲ್ಲ.

ಶಿಕ್ಷಕರ ಅಡ್ಡಿ ಬೇರೆ. ಅರವತ್ತು ಮಕ್ಕಳು, ಒಬ್ಬರೇ ಶಿಕ್ಷಕರು, ಇಕ್ಕಟ್ಟಾದ ಅಂಗಳ. ನಗರದ ಶಾಲೆಗಳ ಈ ಕಷ್ಟವನ್ನು ನಾನು ಬಲ್ಲೆ. ಆದರೂ ಯೋಚಿಸಿ, ಅವಧಿಯಲ್ಲಿ ಗಲಾಟೆ ಮಾಡುವವರು ಯಾರು? ಓಡುತ್ತಿರುವ ಮಕ್ಕಳಿಗೆ ಅದಕ್ಕೆ ಪುರುಸೊತ್ತಿರುವುದಿಲ್ಲ. ಔಟಾಗಿ ಕುಳಿತವರೇ ಪಕ್ಕದವನ ಜಡೆ ಎಳೆಯುವುದು, ಮಣ್ಣೆರಚುವುದು. ಜಾಗ ಸಾಲದಿದ್ದರೆ ತರಗತಿಯನ್ನು ಎರಡು ಮಾಡಿ, ಅರ್ಧ ಮಂದಿ ನಿಂತಲ್ಲೇ ಜಿಗಿಯುವಾಗ ಉಳಿದರ್ಧ ಬಾಲದ ಆಟ ಆಡಲಿ. ಎರಡು ನಿಮಿಷಕ್ಕೆ ಅದಲುಬದಲು.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೇ ತಪ್ಪೊಂದನ್ನು ಮುಚ್ಚಿಟ್ಟುಕೊಂಡರೆ ಅದು ನ್ಯಾಯವಲ್ಲ. ಹಲವು ವರ್ಷಗಳ ಹಿಂದೆ ನಾನೊಂದು ಪ್ರೌಢಶಾಲೆಯ ಸಂಚಾಲಕನಾಗಿದ್ದೆ. ದಸರಾ ರಜೆ ಮುಗಿದೊಡನೆ ಗಣಿತ ಮತ್ತು ವಿಜ್ಞಾನದ ಶಿಕ್ಷಕರು ಬಂದು, ಪಾಠಭಾಗ ಮುಗಿದಿಲ್ಲ, ಹತ್ತನೆಯ ತರಗತಿಯ ಪಿ.ಟಿ. ಅವಧಿಗಳನ್ನು ತಮಗೆ ಬಿಟ್ಟುಕೊಡಬೇಕೆಂದು ಕೇಳಿದರು. ನಾನು ವೇಳಾಪಟ್ಟಿಯ ಮೇಲೆ ಸಹಿ ಹಾಕಿದೆ. ದೈಹಿಕ ಶಿಕ್ಷಣ ಶಿಕ್ಷಕರಿಗೆ ಶುಲ್ಕದ ರಸೀತಿ ಬರೆಯುವ ಕೆಲಸ ಕೊಟ್ಟೆವು. ಅವರು ಒಂದು ಮಾತೂ ಆಡಲಿಲ್ಲ; ಆಡಿದ್ದರೆ ನಾನು ಕೇಳುತ್ತಿದ್ದೆನೇ ಎಂಬುದೂ ಸಂಶಯ. ಎಸ್.ಎಸ್.ಎಲ್.ಸಿ.ಯ ೬೨೫ ಅಂಕಗಳ ಒಟ್ಟು ಮೊತ್ತದಲ್ಲಿ ಆಟಕ್ಕೆ ಒಂದು ಅಂಕವೂ ಇಲ್ಲವೆಂಬುದೇ ನಮ್ಮೆಲ್ಲರ ಸಮಾಧಾನವಾಗಿತ್ತು. ಆ ವರ್ಷದ ಫಲಿತಾಂಶವು ಹಿಂದಿನ ವರ್ಷದಷ್ಟೇ ಬಂತು. ಐದು ತಿಂಗಳ ಕಾಲ ಎಂಬತ್ತು ಮಕ್ಕಳನ್ನು ಅಂಗಳಕ್ಕೆ ಇಳಿಯದಂತೆ ತಡೆದು ನಾವು ಗಳಿಸಿದ್ದು ಶೂನ್ಯ. ಇಡೀ ತರಗತಿಯನ್ನೇ ಒಂದೇ ಸಹಿಯಿಂದ ಔಟ್ ಮಾಡಿದವನು ನಾನು. ಕೆರೆ–ದಡ ಆಡಿಸಿದ ಆ ಶಿಕ್ಷಕರು ಹತ್ತು ನಿಮಿಷವಾದರೂ ತೆಗೆದುಕೊಂಡಿದ್ದರು.

ಮನೆಗೆಲಸ ಮಾಡದವನಿಗೆ ಮೈದಾನಕ್ಕೆ ಐದು ಸುತ್ತು ಓಟ, ತಡವಾಗಿ ಬಂದವನಿಗೆ ಇಪ್ಪತ್ತು ಬಸ್ಕಿ. ಇದೂ ನಮ್ಮ ಶಾಲೆಗಳಲ್ಲಿ ಇನ್ನೂ ಅಳಿದಿಲ್ಲ. ಓಡುವುದನ್ನು ಶಿಕ್ಷೆಯಾಗಿ ಮಾಡಿದವರೇ ಮರುದಿನ ಓಡಿ ಆನಂದಪಡು ಎಂದರೆ ಮಗು ನಂಬುವುದಾದರೂ ಹೇಗೆ?

ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ ೬೦ ನಿಮಿಷ ಉಸಿರು ಏರುವಷ್ಟು ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಆ ಸಂಸ್ಥೆಯ ತಜ್ಞರು ೨೦೧೬ರ ತನಕದ ಮಾಹಿತಿಯನ್ನು ಕಲೆಹಾಕಿ ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಜಗತ್ತಿನ ೧೧ರಿಂದ ೧೭ ವರ್ಷದ ಮಕ್ಕಳಲ್ಲಿ ಶೇಕಡ ೮೧ ಮಂದಿ ಅಷ್ಟು ಚಟುವಟಿಕೆಯಿಂದ ಇರಲಿಲ್ಲ. ಹುಡುಗಿಯರ ಸ್ಥಿತಿ ಹುಡುಗರಿಗಿಂತ ಕೆಟ್ಟದಾಗಿತ್ತು. ನಮ್ಮ ದೇಶದಲ್ಲಿ ಸುಮಾರು ನಾಲ್ವರಲ್ಲಿ ಮೂವರು. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಗೆ ಆಟದ ಮೈದಾನವಿರಬೇಕು, ಆಟದ ಸಾಮಗ್ರಿಗಳಿರಬೇಕು ಎನ್ನುತ್ತದೆ. ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ತೀರ್ಪಿತ್ತಾಗ ನಮ್ಮಲ್ಲಿ ಹಲವರು ನೆಮ್ಮದಿಯ ಉಸಿರು ಬಿಟ್ಟರು. ಕಾಯ್ದೆಯಿಂದ ನಮಗೆ ವಿನಾಯಿತಿ ಸಿಕ್ಕಿರಬಹುದು, ಆದರೆ ನಮ್ಮ ಮಕ್ಕಳ ಕಾಲುಗಳಿಗೆ ಅದು ತಿಳಿದಿಲ್ಲ. ೨೦೨೫ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ನಮ್ಮ ಪುರುಷರೂ ಮಹಿಳೆಯರೂ ಗೆದ್ದಾಗ ಶಾಲೆ ಶಾಲೆಗಳಲ್ಲಿ ಚಪ್ಪಾಳೆ ತಟ್ಟಿಸಿದೆವು. ಚಪ್ಪಾಳೆ ತಟ್ಟುವುದಕ್ಕೆ ಎದ್ದು ನಿಲ್ಲುವ ಅಗತ್ಯವೂ ಇಲ್ಲವಷ್ಟೆ.

ಯುವಜನರ ಶಿಕ್ಷಕರಾಗಿದ್ದ ಸಂತ ಡಾನ್ ಬೋಸ್ಕೊರವರು ೧೮೮೪ರ ಮೇ ೧೦ರಂದು ರೋಮಿನಿಂದ ಟ್ಯೂರಿನ್ನಿನ ತಮ್ಮ ಸಂಸ್ಥೆಗೆ ಬರೆದ ಪತ್ರವೊಂದಿದೆ. ತಾವು ಕಂಡ ಕನಸೆಂದು ಹೇಳಿ, ಅದರಲ್ಲಿ ಅವರು ಎರಡು ಆಟದ ಅಂಗಳಗಳನ್ನು ವರ್ಣಿಸುತ್ತಾರೆ. ಮೊದಲನೆಯದು ಹಳೆಯ ದಿನಗಳ ಅಂಗಳ. ಎಲ್ಲೆಲ್ಲೂ ಓಟ, ಜಿಗಿತ, ಕೇಕೆ, ಗುರುಗಳೂ ಮಕ್ಕಳ ನಡುವೆ. ಎರಡನೆಯದು ಪತ್ರ ಬರೆದ ಕಾಲದ ಅಂಗಳ, ಕಂಬಕ್ಕೊರಗಿದವರು, ಮೆಟ್ಟಿಲ ಮೇಲೆ ಕುಳಿತವರು, ಗುಂಪಾಗಿ ಪಿಸುಗುಟ್ಟುತ್ತ ನಡೆಯುವವರು, ಆಡುವವರಲ್ಲಿಯೂ ಉತ್ಸಾಹವಿಲ್ಲ. ಅಲ್ಲಿನ ಮೇಲ್ವಿಚಾರಕರು ಮಕ್ಕಳಿಂದ ದೂರ ಸರಿದಿದ್ದರು. ಸಂಸ್ಥೆಯ ಶಿಸ್ತು, ಭಕ್ತಿ, ಓದು ಎಲ್ಲ ಕುಸಿದುದರ ಮೂಲವನ್ನು ಆ ಹಿರಿಯರು ಅಂಗಳದಲ್ಲಿಯೇ ಹುಡುಕಿದರು. ನಮ್ಮ ಶಾಲೆಗಳ ಗೋಡೆಗಳ ಮೇಲೆ ಅವರ ಚಿತ್ರಪಟಕ್ಕೆ ಕೊರತೆಯಿಲ್ಲ. ಜಗಲಿಯಲ್ಲಿ ಕುಳಿತು ನೋಡುವ ಅಭ್ಯಾಸವನ್ನು ಮೊದಲು ಬಿಡಬೇಕಾದವರು ನಾವು, ಗುರುಗಳು ಮತ್ತು ಧರ್ಮಭಗಿನಿಯರು.

ಪೋಷಕರೇ, ಬೆವರುತ್ತಾಳೆ, ಕಪ್ಪಾಗುತ್ತಾಳೆ, ಬಟ್ಟೆ ಕೊಳೆಯಾಗುತ್ತದೆ ಎಂದು ಪಿ.ಟಿ.ಯಿಂದ ವಿನಾಯಿತಿ ಕೋರಿ ಚೀಟಿ ಬರೆದುಕೊಡುವವರು ನೀವೇ. ಮೊಣಕಾಲು ತರಚಿದರೆ ಶಾಲೆಗೆ ಬಂದು ಗದರಿಸುವವರೂ ನೀವೇ. ನಿಜವಾದ ಕಾಯಿಲೆಯಿದ್ದರೆ ವೈದ್ಯರ ಮಾತು ನಡೆಯಲಿ; ಬೆವರು ಕಾಯಿಲೆಯಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ವಿಚಾರ ಮುಗಿದ ಮೇಲೆ ಎರಡು ಪ್ರಶ್ನೆಗಳನ್ನು ಕೇಳಿ. ಈ ತಿಂಗಳು ಎಷ್ಟು ಪಿ.ಟಿ. ಅವಧಿಗಳು ನಿಜವಾಗಿ ನಡೆದವು? ಅವುಗಳಲ್ಲಿ ನನ್ನ ಮಗು ಎಷ್ಟು ಹೊತ್ತು ಓಡಿತು? ಉತ್ತರ ಸಿಗದಿದ್ದರೆ ಮನೆಗೆ ಹೋಗಿ ಮಗುವನ್ನೇ ಕೇಳಿ. ಅದಕ್ಕೆ ಸರಿಯಾಗಿ ಗೊತ್ತಿರುತ್ತದೆ.

ಹೊಂಗೆ ಮರವಿದ್ದ ಆ ಶಾಲೆಯ ಶಿಕ್ಷಕರೊಡನೆ ಅನಂತರ ಮಾತನಾಡಿದೆ. ಅವರಿಗೆ ಬೇಸರವಾಗಲಿಲ್ಲ, ಬಾಲದ ಆಟ ಆಡಿಸಲು ಬಟ್ಟೆ ಎಲ್ಲಿಂದ ತರಲಿ ಎಂದಷ್ಟೇ ಕೇಳಿದರು. ನಮ್ಮ ಧರ್ಮಕೇಂದ್ರದ ಹೊಲಿಗೆ ತರಗತಿಯಲ್ಲಿ ಕತ್ತರಿಸಿ ಉಳಿದ ಚೂರುಗಳು ಒಂದು ಗೋಣಿಚೀಲ ತುಂಬ ಇದ್ದವು. ಕೆಂಪು, ಹಸಿರು ಬೇರೆ ಮಾಡಿ ನೂರಿಪ್ಪತ್ತು ಚೂರುಗಳನ್ನು ಕಟ್ಟಿ ಅವರಿಗೆ ಕೊಟ್ಟಿದ್ದೇವೆ. ಚೀಲದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಬೇಕಾದ ಶಾಲೆಯವರು ಬಂದು ಕೊಂಡೊಯ್ಯಬಹುದು.